ಕರಾಳಯ್ಯನ ಹನ್ನೊಂದನೇ ದಿನ

ಜನವರಿ 6, ಸೋಮವಾರ

ಹೊಳೆನರಸೀಪುರದಲ್ಲಿ ರೈಲು ಹತ್ತುವಾಗ ಮಂಜು ಇನ್ನೂ ಹೊಳೆಯ ಮೇಲೇ ಇತ್ತು. ಕಿಟಕಿ ಪಕ್ಕ ಸೀಟು ಸಿಕ್ಕಿತು. ಓದಿದ್ದು ಹಿಮದ ದೇಶದ ಒಂದು ಕಾದಂಬರಿ, ಕನ್ನಡ ಅನುವಾದ, ಮೂರನೇ ಅಧ್ಯಾಯ. ಚೆನ್ನಾಗಿದೆ. ಒಂದು ಕಡೆ ಮಾತ್ರ ಅನುವಾದಕರು ಕಣ್ಣೀರಿಗೆ 'ಬಿಸಿ' ಎಂದು ತಾವೇ ಸೇರಿಸಿದ್ದಾರೆ ಅನ್ನಿಸಿತು. ಪೆನ್ಸಿಲಿನಲ್ಲಿ ಗೆರೆ ಎಳೆದೆ. ಮೂಲ ಓದಲು ನನಗೆ ಬರುವುದಿಲ್ಲ. ಆದರೂ ಸೇರಿಸಿದ್ದು ಗೊತ್ತಾಗುತ್ತದೆ, ಬೇರೆ ಮನೆಯ ಲೋಟ ನಮ್ಮ ಅಡುಗೆಮನೆಯಲ್ಲಿ ಇದ್ದ ಹಾಗೆ.

ಹಾಸನ. ಸ್ಟುಡಿಯೋ. ಸ್ಟುಡಿಯೋ ಅಂದರೆ ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ರೂಮು. ಒಂದರ ಗೋಡೆಗೆ ಸ್ಪಂಜು ಅಂಟಿಸಿದೆ, ಇನ್ನೊಂದರಲ್ಲಿ ಭೀಮ ಕಂಪ್ಯೂಟರ್ ಮುಂದೆ ಕೂತು ರೆಕಾರ್ಡ್ ಮಾಡುತ್ತಾನೆ. ಹೊರದೇಶದ ಕಾರ್ಟೂನಿಗೆ ಕನ್ನಡದ ಮಾತು ಕೂರಿಸುವುದು ನಮ್ಮ ಕೆಲಸ. ಮಾತು ಬರೆಯುವವಳು ನಾನು. ಕಂಪನಿ ಬೆಂಗಳೂರಿನದು, ಅವರು ಫೋನಿನಲ್ಲಿ ಮಾತ್ರ ಇದ್ದಾರೆ.

ಇವತ್ತಿನ ಕಂತಿನಲ್ಲಿ ವಿಲನ್ ಕರಾಳಯ್ಯ ಊರಿನ ಬೆಳಕನ್ನೆಲ್ಲ ಹೀರುವ ಯಂತ್ರದ ಗುಂಡಿ ಒತ್ತಬೇಕಿತ್ತು. ಒತ್ತುವ ಹೊತ್ತಿಗೆ ಅವನ ಸೈನಿಕನೊಬ್ಬ ತಂಗಿಯ ಮದುವೆಗೆ ರಜ ಕೇಳುತ್ತಾನೆ. ಯಂತ್ರ ನಿಲ್ಲುತ್ತದೆ. ಅಷ್ಟರಲ್ಲಿ ಹೀರೋ ವಜ್ರಮುಷ್ಟಿ ಹಾರಿ ಬಂದು, ಊರು ಉಳಿಸುವ ಭರದಲ್ಲಿ ಸೇತುವೆ ಮುರಿದು, ಮುರಿದ ಸೇತುವೆಯ ಮುಂದೆ ಫೋಟೋಗೆ ನಿಲ್ಲುತ್ತಾನೆ. ಹೀರೋಗಳನ್ನು ಗೇಲಿ ಮಾಡುವ ಕಾರ್ಟೂನು. ಅದರ ಲೆಕ್ಕವೇ ಹಾಗೆ. ಊರು ಹಾಳು ಮಾಡುವವನು ಹೀರೋ. ಹಾಳು ಮಾಡಲು ಹೊರಟು ಒಂದು ಹೂಕುಂಡವನ್ನೂ ಒಡೆಯಲಾಗದವನು ವಿಲನ್.

ನಾನು ಬರೆದದ್ದು: "ಹೋಗಿ ಬಾ. ಪ್ರಳಯವನ್ನು ಮುಂದೂಡಲಾಗಿದೆ."

ಕರಾಳಯ್ಯನಿಗೆ ದನಿ ಕೊಡುವ ಶಿವಯ್ಯ ಮೇಷ್ಟ್ರು ಮೈಕಿನ ಮುಂದೆ: "ಓಗ್ಬುಟ್ ಬಾರ್ಲಾ. ಪ್ರಳಯ ಎಲ್ಲೂ ಓಡೋಗಕಿಲ್ಲ."

"ಬರೆದದ್ದನ್ನೇ ಓದಿ ಮೇಷ್ಟ್ರೇ."

"ಓದ್ದೆ ಮೇಡಮ್. ಕರಾಳಯ್ಯಂಗೆ ಅಂಗ್ ಕೇಳುಸ್ತು."

ಗಾಜಿನ ಆಚೆ ಭೀಮ ಬಗ್ಗಿ ನಕ್ಕ. ತುಟಿಯ ಚಲನೆಗೆ ಸರಿಯಾಗಿ ಕೂತಿತ್ತು. ಬಿಟ್ಟೆ.

ಮೇಷ್ಟ್ರು ನುಗ್ಗೇಹಳ್ಳಿಯವರು. ಹಾರ್ಮೋನಿಯಂ ಹೊತ್ತು ಊರೂರಿಗೆ ಹೋಗಿ ಪೌರಾಣಿಕ ನಾಟಕ ಕಲಿಸುವವರು. ತಾವೇ ಬಣ್ಣ ಹಚ್ಚಿದರೆ ಗದೆ ಹಿಡಿಯುವ ಖಳನ ಪಾರ್ಟು. ಕರಿ ಕನ್ನಡಕ, ಕತ್ತಿಗೆ ಮಫ್ಲರ್, ಟೀ ಬರುವ ತನಕ ಬಾಯಿ ಬಿಚ್ಚುವುದಿಲ್ಲ. ವಿಲನ್ನಿಗೆ ನಾನಿಟ್ಟ ಹೆಸರು ಕರಾಳೇಶ್ವರ. ಮೊದಲ ದಿನವೇ ಅವರ ಬಾಯಲ್ಲಿ ಕರಾಳಯ್ಯ ಆದ. ಈಗ ಕಂಪನಿಯವರೂ ಹಾಗೇ ಅನ್ನುತ್ತಾರೆ.

ಜನವರಿ 9, ಗುರುವಾರ

ಮೂಲದ ಕೊನೆಯ ಕಂತು ನಿನ್ನೆ ನಡುರಾತ್ರಿ ದಾಟಿದ ಮೇಲೆ ನೆಟ್‌ಗೆ ಬಂದಿದೆ. ಬೆಳಗ್ಗೆ ನೋಡಿದೆ.

ಕರಾಳಯ್ಯ ಸಾಯುತ್ತಾನೆ.

ವಜ್ರಮುಷ್ಟಿ ಏನೋ ಮುಟ್ಟಲು ಹೋಗಿ ಕರಾಳಯ್ಯನ ಹಳೆಯ ಯಂತ್ರವೊಂದನ್ನು ಚಾಲೂ ಮಾಡಿಬಿಡುತ್ತಾನೆ. ಊರು ಸುಡಬೇಕು. ಎಲ್ಲರೂ ಓಡುತ್ತಾರೆ, ಹೀರೋ ಮೊದಲು. ಕರಾಳಯ್ಯ ಒಬ್ಬನೇ ಒಳಗೆ ಹೋಗಿ, ಯಂತ್ರವನ್ನು ಮೈಯಿಂದ ಮುಚ್ಚಿ ಮಲಗುತ್ತಾನೆ. ಊರು ಉಳಿಯುತ್ತದೆ. ಇಷ್ಟು ಕಂತುಗಳಲ್ಲಿ ಅವನ ಒಂದೂ ಯಂತ್ರ ಓಡಿದ್ದಿಲ್ಲ. ಕೊನೆಯ ಮಾತು: "ಅಂತೂ ಕೆಲಸ ಮಾಡ್ತು." ಆಮೇಲೆ ಪರದೆ ಕಪ್ಪು. ಸಂಗೀತವಿಲ್ಲ. ಹೆಸರುಗಳು ಬರುವ ತನಕ ಬರೀ ಕಪ್ಪು.

ಎದ್ದು ನೀರು ಕುಡಿದೆ. ಬರೀ ಕಾರ್ಟೂನು...

ಕನ್ನಡದ್ದು ಈ ತಿಂಗಳೊಳಗೆ ಬೇಕಂತೆ.

ಜನವರಿ 10, ಶುಕ್ರವಾರ

ಮೇಷ್ಟ್ರಿಗೆ ಹೇಳಿದೆ. ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಖುಷಿಯಾದರು.

"ಸಾಯದ್ ನಂಗ್ ಬುಡಿ ಮೇಡಮ್. ಕಟ್ಟಾಯದ ನಾಟಕದಾಗೆ ಸತ್ತಾಗ ಜನ ಒನ್ಸ್ ಮೋರ್ ಅಂದ್ರು. ಎದ್ದು ಇನ್ನೊಂದ್ ದಪ ಸತ್ತೆ."

ಖಳನಿಗೆ ಜನ ಯಾಕೆ ಶಿಳ್ಳೆ ಹೊಡೆಯುತ್ತಾರೆ ಎಂದು ಕೇಳಿದೆ. ನಿಜವಾಗಿ ತಿಳಿಯಬೇಕಿತ್ತು.

"ನಮ್ ಕಡೆ ಅಂಗೇ ಮೇಡಮ್. ಒಳ್ಳೆ ಪಾರ್ಟಿಗೆ ಜನ ಕೈ ಮುಗೀತಾರೆ. ಕೆಟ್ ಪಾರ್ಟಿಗೆ ಆರ ಆಕ್ತಾರೆ. ಕೈ ಮುಗುಸ್ಕಂಡೋನು ಬಣ್ಣ ಅಳುಸ್ಕಂಡ್ ಮನೀಕತಾನೆ. ಆರ ಆಕುಸ್ಕಂಡೋನ್ನ ಬೆಳಗ್ಗೆ ಕಾಪಿಗ್ ಕರೀತಾರೆ."

ಟೀ ಕುಡಿದು, ಸಾವಿನ ದೃಶ್ಯವನ್ನು ದನಿ ಮುಚ್ಚಿ ನಾಲ್ಕು ಸಲ ನೋಡಿದರು. ಕನ್ನಡಕ ತೆಗೆಯಲಿಲ್ಲ. ಹೋಗುವಾಗ ಮೆಟ್ಟಿಲಿನಲ್ಲಿ ಆ ಒಂದು ಮಾತನ್ನು ಬೇರೆ ಬೇರೆ ತರ ಹೇಳಿಕೊಳ್ಳುತ್ತಿದ್ದರು.

ಜನವರಿ 13, ಸೋಮವಾರ

ಭೀಮ ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಅರಕಲಗೂಡಿನ ಸರ್ಕಲ್ಲಿನಲ್ಲಿ ನಿನ್ನೆ ಕಟ್ಟಿದ ಫ್ಲೆಕ್ಸು. ಕೊಂಬಿನ ಟೋಪಿ ಹಾಕಿದ ಕರಾಳಯ್ಯ, ಆಳೆತ್ತರ. ಎರಡೂ ಕಡೆ ದೀಪ. "ಭಾವಪೂರ್ಣ ಶ್ರದ್ಧಾಂಜಲಿ. ನಮ್ಮನ್ನಗಲಿದ ಶ್ರೀ ಕರಾಳಯ್ಯನವರ ಹನ್ನೊಂದನೇ ದಿನದ ಕಾರ್ಯ ಭಾನುವಾರ. ಸರ್ವರೂ ಬಂದು ಮೃತರ ಆತ್ಮಕ್ಕೆ ಶಾಂತಿ ಕೋರಬೇಕಾಗಿ ವಿನಂತಿ. ದುಃಖತಪ್ತ ಅಭಿಮಾನಿಗಳು."

ಎರಡು ಸಲ ಓದಿದೆ. ತಮಾಷೆಗೆ ಮಾಡಿದ್ದೋ ಅಲ್ಲವೋ ಗೊತ್ತಾಗಲಿಲ್ಲ. ಭೀಮನಿಗೂ.

ತೊಂದರೆ ಆಗಿರುವುದು ಕೆಳಗಿನ ಮೂಲೆಯಲ್ಲಿ. ಗೌರವಕ್ಕೆಂದು ಮೇಷ್ಟ್ರ ಫೋಟೋ ಹಾಕಿದ್ದಾರೆ. 'ದನಿ: ಶಿವಯ್ಯ ಮೇಷ್ಟ್ರು' ಎಂದು ಸಣ್ಣಕ್ಷರ. ಓಡುವ ಬಸ್ಸಿನಿಂದ ಸಣ್ಣಕ್ಷರ ಯಾರು ಓದುತ್ತಾರೆ? ಮೇಷ್ಟ್ರ ಮುಖ ಕಂಡಿತು, ಶ್ರದ್ಧಾಂಜಲಿ ಕಂಡಿತು. ಇವತ್ತು ಬೆಳಗ್ಗೆ ನಾಟಕ ಕಲಿತ ಊರುಗಳಿಂದ ಜನ ಹಾರ ಹಿಡಿದು ನುಗ್ಗೇಹಳ್ಳಿಗೆ ಬಂದಿದ್ದಾರೆ. ಮೇಷ್ಟ್ರು ಜಗುಲಿಯಲ್ಲಿ ಕನ್ನಡಿ ಹಿಡಿದು ಗಡ್ಡ ಕೆರೆದುಕೊಳ್ಳುತ್ತಿದ್ದರಂತೆ.

"ತಂದ ಆರ ವಾಪಸ್ ತಗಂಡೋಗಕ್ಕಾಯ್ತದಾ ಅಕ್ಕ? ಮೇಷ್ಟ್ರು ಕತ್ಗೇ ಆಕ್ಬುಟ್ಟು, ಕಾಪಿ ಕುಡ್ಕಂಡ್ ಓದ್ರಂತೆ," ಎಂದ ಭೀಮ.

ನಕ್ಕೆವು. ಆಮೇಲೆ ಭೀಮ ಹೇಳಿದ, ಮೇಷ್ಟ್ರ ಹೆಂಡತಿ ಮಲ್ಲಿಗಮ್ಮ ನಗಲಿಲ್ಲವಂತೆ. ಹೋದ ವರ್ಷ ಮೇಷ್ಟ್ರ ಎದೆಗೆ ಸ್ಟೆಂಟ್ ಹಾಕಿದ್ದಾರೆ. ಸತ್ತವನಿಗೆ ತಂದ ಹಾರ ಗಂಡನ ಕತ್ತಿಗೆ ಬಿದ್ದದ್ದನ್ನು ಆಕೆ ಬಾಗಿಲಲ್ಲಿ ನಿಂತು ನೋಡಿದ್ದಾರೆ.

ಜನವರಿ 16, ಗುರುವಾರ

ಸಂಕ್ರಾಂತಿ ಕಳೆಯಿತು. ಮೇಷ್ಟ್ರು ಸ್ಟುಡಿಯೋಗೆ ಬಂದಿಲ್ಲ. ಫೋನ್ ಸ್ವಿಚ್ ಆಫ್. ಚನ್ನರಾಯಪಟ್ಟಣಕ್ಕೆ ಹೋಗಿ, ಅಲ್ಲಿಂದ ನುಗ್ಗೇಹಳ್ಳಿ ಬಸ್ಸು ಹಿಡಿದೆ. ಕೆಲಸದವರ ಮನೆಗೆ ಹೋಗುವ ಅಭ್ಯಾಸ ನನಗಿಲ್ಲ. ಬಸ್ಸಿನಲ್ಲಿ ಪುಸ್ತಕ ತೆರೆದೇ ಇತ್ತು, ಓದಲಿಲ್ಲ.

ಮೇಷ್ಟ್ರು ಒಳಗೆ ಕೂತಿದ್ದರು. ಕನ್ನಡಕ ಇಲ್ಲ. ಕಣ್ಣು ಇಷ್ಟು ಚಿಕ್ಕದೆಂದು ತಿಳಿದಿರಲಿಲ್ಲ.

"ಕುತ್ಕಳವ್ವ," ಎಂದರು ಮಲ್ಲಿಗಮ್ಮ. ಎಳ್ಳು ಕೊಟ್ಟರು. ನಾನು ಬಂದ ವಿಷಯ ಗೊತ್ತಿತ್ತು. "ಇವ್ರು ಬರಾಕಿಲ್ಲ."

"ಆಣೆ ಆಕುಸ್ಕಂಡವ್ಳೆ ಮೇಡಮ್," ಎಂದರು ಮೇಷ್ಟ್ರು. "ಬಾಯಲ್ಲಿ ಸತ್ತೆ ಅನ್ನಂಗಿಲ್ಲ."

ಸತ್ತೆ ಎಂಬ ಮಾತು ಸ್ಕ್ರಿಪ್ಟಿನಲ್ಲಿ ಎಲ್ಲೂ ಇಲ್ಲ ಎಂದೆ. ನಿಜ. ನಿಖರವಾಗಿ ಹೇಳಿದೆ. ಯಾವ ಉಪಯೋಗಕ್ಕೂ ಬರಲಿಲ್ಲ.

"ನಾಟಕದಲ್ಲಿ ಎಷ್ಟೋ ಸಲ ಸತ್ತಿದ್ದಾರಲ್ಲ ಅಮ್ಮ?"

"ಅವಾಗ ಎದೆ ಗಟ್ಟಿಯಾಗಿತ್ತು. ಯಾರೂ ಬಾಗ್ಲಿಗ್ ಆರ ತಂದಿರ್ನಿಲ್ಲ." ಸ್ವಲ್ಪ ಹೊತ್ತು ಎಳ್ಳಿನ ತಟ್ಟೆಯನ್ನೇ ಸರಿ ಮಾಡಿದರು. "ನಿಮ್ಗೆ ಸಾಯದು ಗೊಂಬೆ ಕಣವ್ವ. ನಂಗೆ ಸಾಯದು ದನಿ. ಬೆಳಗ್ಗೆ ಈ ದನಿ ಕೇಳ್ದೆ ನಾನ್ ಒಲೆ ಅಚ್ಚಾಕಿಲ್ಲ. ಕತ್ಲಲ್ಲಿ ಕೆಮ್ಮುದ್ರೆ ಸಾಕು, ಅವ್ರೆ ಅಂತ ಸಮಾಧಾನ."

ಮೇಷ್ಟ್ರು ಗೋಡೆ ನೋಡುತ್ತಿದ್ದರು. ನಾನು ಎದ್ದೆ. ಬಸ್‌ಸ್ಟಾಪಿನ ತನಕ ಮೇಷ್ಟ್ರು ಜೊತೆಗೆ ಬಂದರು. ಆ ದನಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಕಂಡಿರಲಿಲ್ಲ.

ಜನವರಿ 18, ಶನಿವಾರ

ಕಂಪನಿಯಿಂದ ಫೋನ್. ಗುರುವಾರದೊಳಗೆ ರೆಕಾರ್ಡ್ ಆಗದಿದ್ದರೆ ಕೊನೆಯ ಕಂತಿಗೆ ಬೆಂಗಳೂರಿನ ಬೇರೆ ಕಲಾವಿದರು. ಅವರ ಸ್ಯಾಂಪಲ್ ಕಳಿಸಿದರು.

ಕೇಳಿದೆ. ಒಳ್ಳೆಯ ದನಿ. ಕರಾಳಯ್ಯನ ಮಾತನ್ನು ನಾನು ಬರೆದ ಹಾಗೇ ಪೂರ್ತಿ ಯಾರಾದರೂ ಓದಿದ್ದು ಇದೇ ಮೊದಲು. ಒಂದಕ್ಷರ ಆಚೀಚೆ ಇಲ್ಲ. ಮತ್ತೆ ಕೇಳಿದೆ. ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಕರಾಳಯ್ಯನೂ ಸಿಗಲಿಲ್ಲ.

ಮಲ್ಲಿಗಮ್ಮನ ಫೋನಿಗೆ ಮಾಡಿ ಮೇಷ್ಟ್ರಿಗೆ ತಿಳಿಸಿದೆ.

"ಅವ್ನು ಚೆನ್ನಾಗ್ ಸಾಯ್ತಾನಾ?" ಎಂದರು.

ಅಷ್ಟರಲ್ಲಿ ಫೋನ್ ಮಲ್ಲಿಗಮ್ಮನ ಕೈಗೆ ಹೋಗಿತ್ತು. "ಶಾಂತವ್ವ, ಆ ಅರಕಲಗೂಡ್ನೋರು ನಾಳೀಕಲ್ವಾ ಕಾರ್ಯ ಮಾಡದು? ನಾನ್ ಓಗಿ ಆ ಬ್ಯಾನರ್ ಇಳುಸ್ಬುಟ್ ಬತ್ತೀನಿ. ನಂಗ್ ಊರು ಗೊತ್ತಿಲ್ಲ. ನೀನೂ ಬಾ."

ಆಗಲಿ ಎಂದೆ. ಯಾಕೆ ಎಂದೆನೋ.

ಜನವರಿ 19, ಭಾನುವಾರ. ಸಂಜೆ

ನೆನಪಿರುವಾಗಲೇ ಬರೆಯಬೇಕು. ಕ್ರಮವಾಗಿ.

ಹಾಸನದಲ್ಲಿ ಮಲ್ಲಿಗಮ್ಮ ಸಿಕ್ಕರು. ಅರಕಲಗೂಡಿನ ತನಕ ಬಯ್ಯಬೇಕಾದ ಮಾತುಗಳನ್ನು ನನ್ನ ಮುಂದೆ ಹೇಳಿ ನೋಡಿಕೊಂಡರು. ಫ್ಲೆಕ್ಸನ್ನು ಅಭಿಮಾನಿಗಳು ಸರ್ಕಲ್ಲಿನಿಂದ ಬಿಚ್ಚಿ ಆಗಲೇ ಒಂದು ಮನೆಯ ಹಿತ್ತಲಿಗೆ ತಂದಿದ್ದರು. ಸುವರ್ಣಮ್ಮ ಎಂಬವರ ಮನೆ. ಮುಂದೆ ಬಟ್ಟೆ ಹೊಲಿಯುವ ಅಂಗಡಿ, ಹಿಂದೆ ಹಿತ್ತಲು. ಶಾಮಿಯಾನ. ಮಕ್ಕಳಿರುತ್ತಾರೆ ಅಂದುಕೊಂಡಿದ್ದೆ. ಮಕ್ಕಳು ಕಡಿಮೆ. ಆಟೋದವರು, ಕಾಲೇಜಿನ ಹುಡುಗಿಯರು, ಹಣೆಗೆ ವಿಭೂತಿ ಹಚ್ಚಿದ ಹಿರಿಯರು, ಟೈಲರಿಂಗ್ ಹೆಂಗಸರು. ಚನ್ನರಾಯಪಟ್ಟಣದಿಂದ, ಹೊಳೆನರಸೀಪುರದಿಂದ. ನನ್ನದೇ ಊರಿನಿಂದ, ನಾನು ದಿನಾ ಹತ್ತುವ ರೈಲಿನಿಂದ ಇದ್ದರೂ ಇರಬಹುದು. ಪುಸ್ತಕದಿಂದ ತಲೆಯೆತ್ತಿ ನೋಡಿದ್ದರೆ ತಾನೆ.

ಫ್ಲೆಕ್ಸಿನ ಮುಂದೆ ಬಾಳೆ ಎಲೆ. ಎಡೆ ಇಟ್ಟಿದ್ದರು. ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಕಲ್ಲ. ಒಂದು ಲೋಟ ಟೀ, ಅದ್ದಿಕೊಳ್ಳಲು ಬನ್ನು. ಒಂದು ಸ್ಪ್ಯಾನರು, ನಾಲ್ಕು ನಟ್ಟು. ಊದುಬತ್ತಿ. ಎಲ್ಲ ಲಕ್ಷಣವಾಗಿ, ಒಂದೂ ವಕ್ರವಿಲ್ಲದೆ.

ಮಲ್ಲಿಗಮ್ಮ ಬಯ್ಯಲು ಬಾಯಿ ತೆರೆದರು. ಆದರೆ ಆಗ ಯಾರೋ ಸತ್ತವರ ಬಗ್ಗೆ ಮಾತಾಡುತ್ತಿದ್ದರು. ಅಂಥ ಹೊತ್ತಿನಲ್ಲಿ ಅಡ್ಡ ಬಾಯಿ ಹಾಕುವವರಲ್ಲ ಆಕೆ. ನಿಂತರು.

ಹೊಳೆನರಸೀಪುರದ ಆಟೋ ಪರಮೇಶ್: "ದೊಡ್ ಮನ್ಸ. ಮಳೆ ಬಂದ್ರೆ ಸೈನಿಕ್ರಿಗೆ ರಜ ಕೊಡೋರು. ಜ್ವರ ಅಂದ್ರೆ ಯುದ್ಧಾನೇ ನಿಲ್ಸೋರು. ನಾನು ಹನ್ನೆಲ್ಡ್ ವರ್ಸ ಒಬ್ರತ್ರ ಗಾಡಿ ಓಡುಸ್ದೆ, ಒಂದಿನ ಊಟ ಆಯ್ತಾ ಅನ್ನಿಲ್ಲ."

ಮಾನಸಾ ಎಂಬ ಕಾಲೇಜು ಹುಡುಗಿ: "ಪ್ರಪಂಚ ಮುಗಿಸ್ತೀನಿ ಅಂತ ಜೋರಾಗಿ ನಗೋರಲ್ಲ, ಕೊನೇಲಿ ಕೆಮ್ಮು ಬಂದ್ಬಿಡೋದು. ನಮ್ಮ ತಾತಂಗೂ ಹಂಗೇ. ನಗೋಕೆ ಹೋಗಿ ಕೆಮ್ಮೋರು."

ಮೂಲದಲ್ಲಿ ಕೆಮ್ಮಿಲ್ಲ. ಮಲ್ಲಿಗಮ್ಮ ಸೆರಗು ಬಾಯಿಗಿಟ್ಟುಕೊಂಡರು.

ಸುವರ್ಣಮ್ಮ ಎದ್ದರು. "ಪ್ರತಿ ವಾರ ಸೋಲೋರು. ಊರೆಲ್ಲ ನಗೋದು. ಮನೆಗೋಗಿ ಮಲ್ಗಿ, ಬೆಳಗ್ಗೆ ಎದ್ದು ಮತ್ತೆ ನಟ್ಟು ಬಿಗ್ಯೋರು. ಅಂಗಡಿ ಬಾಗ್ಲು ಹಾಕ್ಬಿಡನ ಅನ್ಸಿದ್ ದಿನ ನಾನು ಅವ್ರನ್ನ ನೋಡ್ತಿದ್ದೆ. ಯಾರ್ಗೂ ಒಂದ್ ಕೇಡು ಮಾಡ್ಲಿಲ್ಲ ಪುಣ್ಯಾತ್ಮ."

ವಾರವಾರ ಪ್ರಪಂಚ ನಾಶಮಾಡಲು ಹೊರಟವನ ಬಗ್ಗೆ ಈ ಮಾತು. ಕೆಲವರು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ತಮಾಷೆಯೋ ದುಃಖವೋ ಎಂದು ಸೋಮವಾರದಿಂದ ಕೇಳಿಕೊಳ್ಳುತ್ತಿದ್ದೆ. ಅಲ್ಲಿ ಯಾರಿಗೂ ಆ ಪ್ರಶ್ನೆ ಬಂದ ಹಾಗಿರಲಿಲ್ಲ. ಎರಡೂ ಒಂದೇ ಲೋಟದಲ್ಲಿದ್ದವು, ಕುಡಿಯುತ್ತಿದ್ದರು.

ಮಲ್ಲಿಗಮ್ಮ ಮುಂದೆ ಹೋದರು. "ನಾನು ಆ ದನಿ ಎಂಡ್ತಿ," ಎಂದರು. ಮೂಲೆಯ ಫೋಟೋ ತೋರಿಸಿದರು. "ಇವ್ರು ಸತ್ತಿಲ್ಲ. ಉಣ್ಕಂಡ್ ತಿನ್ಕಂಡ್ ಗುಂಡ್ಕಲ್ಲಂಗವ್ರೆ."

ಕೂತವರೆಲ್ಲ ಎದ್ದು ನಿಂತರು.

"ಅಯ್ಯೋ ತಾಯಿ, ಗೌರವಕ್ಕೆ ಅಂತ ಹಾಕಿದ್ದು..." ಎನ್ನುತ್ತ ಸುವರ್ಣಮ್ಮ ಒಳಗೆ ಓಡಿ ಬಟ್ಟೆ ಕತ್ತರಿ ತಂದರು. ಮೇಷ್ಟ್ರ ಮುಖದ ಸುತ್ತ ಕತ್ತರಿಸಿದರು. ಅಷ್ಟು ಜನದ ನಡುವೆ ಕತ್ತರಿಯ ಸದ್ದೊಂದೇ. ಫ್ಲೆಕ್ಸಿನಲ್ಲಿ ಚೌಕ ತೂತಾಯಿತು, ಅದರ ಆಚೆ ಹಿತ್ತಲಿನ ಪಪಾಯ ಗಿಡ ಕಂಡಿತು. ಆ ತುಂಡನ್ನು ಎರಡೂ ಕೈಯಲ್ಲಿ ಹಿಡಿದು, ಎಡೆಯ ಮುಂದೆ ಕೊಡಬಾರದೆಂದು ಮಲ್ಲಿಗಮ್ಮನನ್ನು ನಡುಮನೆಗೆ ಕರೆದೊಯ್ದು, ಅರಿಶಿನ ಕುಂಕುಮ ಇಟ್ಟು ಕೊಟ್ಟರು.

ಹೊರಗೆ ಬಂದ ಮಲ್ಲಿಗಮ್ಮ ಹೊರಡಲಿಲ್ಲ. ಜನರನ್ನು ನೋಡುತ್ತ ಕೇಳಿದರು: "ಕನ್ನಡದಾಗೆ ಬ್ಯಾರೆಯೋರ್ ದನೀಲಿ ಸಾಯ್ತಾನಂತೆ. ಪರವಾಗಿಲ್ವಾ ನಿಮ್ಗೆ?"

ಮಾನಸಾ ಮೆಲ್ಲಗೆ: "ಬೇರೆಯೋರು ಸತ್ರೆ ನಾವ್ಯಾಕಜ್ಜಿ ಅಳಬೇಕು?"

ಮಲ್ಲಿಗಮ್ಮ ನನ್ನ ಕಡೆ ಕೈ ಮಾಡಿದರು. "ಇವ್ಳೇ ಮಾತ್ ಬರೆಯೋಳು."

ಎಲ್ಲರೂ ತಿರುಗಿದರು. ನನಗೆ ಓಡಿಹೋಗಬೇಕು ಅನ್ನಿಸಿತು. ಆಗ ಹಿಂದಿನಿಂದ ಯಾರೋ ಶುರು ಮಾಡಿದರು, ಉಳಿದವರು ಸೇರಿಕೊಂಡರು, ಹಿತ್ತಲಿಗೆ ಹಿತ್ತಲೇ ಒಂದೇ ದನಿಯಲ್ಲಿ: "ಸೋಲು ನನಗೆ ಹೊಸದಲ್ಲ. ಇವತ್ತಿನ ಸೋಲು ಮಾತ್ರ ಹೊಸದು."

ಅದು ನನ್ನ ವಾಕ್ಯ. ಮೇಷ್ಟ್ರು ಬದಲಿಸದೆ ಬಿಟ್ಟ ಕೆಲವೇ ವಾಕ್ಯಗಳಲ್ಲಿ ಒಂದು. ಸ್ಪಂಜಿನ ರೂಮಿನಲ್ಲಿ, ಮಧ್ಯಾಹ್ನ, ಊಟದ ಡಬ್ಬಿ ಮುಚ್ಚಿಟ್ಟು ಬರೆದದ್ದು. ನಾನಿಲ್ಲದೆ ಇಷ್ಟು ದೂರ ಬಂದು, ಇಷ್ಟು ಜನರ ಬಾಯಲ್ಲಿ ಮನೆ ಮಾಡಿಕೊಂಡಿದೆ. ಮೈಯೆಲ್ಲ ಜುಮ್ಮೆಂದಿತು. ಇದಕ್ಕಿಂತ ಸರಿಯಾದ ಪದ ಹುಡುಕಿದೆ, ಇಲ್ಲ. ಕೈ ಮುಗಿದೆ. ಯಾರಿಗೆಂದು ಗೊತ್ತಿಲ್ಲ. ಎದುರಿಗಿದ್ದದ್ದು ಕೊಂಬಿನ ಟೋಪಿ.

ಜನವರಿ 20, ಸೋಮವಾರ

ನಿನ್ನೆ ವಾಪಸ್ ಬರುವಾಗ ಬಸ್ಸಿನಲ್ಲಿ ಮಲ್ಲಿಗಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಒಳಗೆ ಫ್ಲೆಕ್ಸಿನ ತುಂಡು.

ಇವತ್ತು ಬೆಳಗ್ಗೆ ಫೋನ್. "ಬುದ್ವಾರ ಕರ್ಕಂಬತ್ತೀನಿ. ಸಾಯ್ಲಿ. ಆದ್ರೆ ನಾನೂ ಒಳೀಕ್ ಬತ್ತೀನಿ. ನನ್ ಕಣ್ಮುಂದೇನೇ ಸಾಯ್ಬೇಕು, ನನ್ ಕಣ್ಮುಂದೇನೇ ಏಳ್ಬೇಕು."

ಭೀಮನಿಗೆ ಚಿಂತೆ. ಮೈಕಿರುವ ರೂಮಿಗೆ ಹೊರಗಿನವರು ಬಂದರೆ ಬಳೆ ಸದ್ದು.

ಜನವರಿ 22, ಬುಧವಾರ

ಬಂದರು. ಮೇಷ್ಟ್ರು ಕನ್ನಡಕ, ಮಫ್ಲರ್, ಎಲ್ಲ ಮೊದಲಿನಂತೆ. ಟೀ ಬಂತು, ಕುಡಿಯಲಿಲ್ಲ.

ಬಳೆಯ ವಿಷಯ. ಗಂಡನ ಸಾವಿನ ದೃಶ್ಯಕ್ಕೆ ಬಳೆ ತೆಗೆಯಿರಿ ಎಂದು ಯಾವ ಬಾಯಲ್ಲಿ ಹೇಳುವುದು? ಭೀಮ ನನ್ನ ಮುಖ ನೋಡಿದ, ನಾನು ಅವನ ಮುಖ. ಮೇಷ್ಟ್ರೇ ಕತ್ತಿನ ಮಫ್ಲರ್ ಬಿಚ್ಚಿ, ಹೆಂಡತಿಯ ಎರಡೂ ಕೈ ಸೇರಿಸಿ, ಬಳೆಯ ಮೇಲೆ ಸುತ್ತಿದರು. ಮೆತ್ತಗೆ, ಹಾರ್ಮೋನಿಯಂಗೆ ಬಟ್ಟೆ ಹೊದಿಸುವ ಹಾಗೆ.

"ನಿಂತ್ಕಂಡ್ ಸಾಯಕ್ ಬರಾಕಿಲ್ಲ ಮೇಡಮ್," ಎಂದರು. ಮೈಕನ್ನು ನೆಲದ ಹತ್ತಿರ ಇಳಿಸಿದೆವು. ಚಾಪೆ ತರುತ್ತೇನೆಂದೆ, ಬೇಡವೆಂದರು, ರಂಗದ ಮೇಲೆ ಚಾಪೆ ಇರುವುದಿಲ್ಲ. ಬರೀ ನೆಲದ ಮೇಲೆ ಮಲಗಿದರು. ಮಲ್ಲಿಗಮ್ಮ ಕಾಲು ಮಡಿಸಿ ಕೂತು ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡರು. ಕನ್ನಡಕವನ್ನು ಆಕೆಯೇ ತೆಗೆದಿಟ್ಟರು. ನಾನು ಪಕ್ಕದಲ್ಲಿ ಸ್ಕ್ರಿಪ್ಟ್ ಹಿಡಿದು ಮಂಡಿಯೂರಿದ್ದೆ. ಅದು ಯಾರಿಗೂ ಬೇಕಾಗಲಿಲ್ಲ.

ಕೆಂಪು ದೀಪ ಹತ್ತಿತು, ರೆಕಾರ್ಡಿಂಗ್ ಶುರು. ಪರದೆಯ ಮೇಲೆ ಯಂತ್ರ ಉರಿಯುತ್ತಿತ್ತು, ಜನ ಓಡುತ್ತಿದ್ದರು. ಮೇಷ್ಟ್ರು ಪರದೆ ನೋಡಲೇ ಇಲ್ಲ. ಮೇಲೆ, ಆಕೆಯ ಮುಖ ನೋಡುತ್ತಿದ್ದರು.

"ಅಂತೂ ಕೆಲಸ ಮಾಡ್ತು."

ಬರೆದದ್ದು ಬರೆದ ಹಾಗೆ. ಅದರಲ್ಲಿ ಇಷ್ಟು ಇತ್ತೆಂದು ಬರೆದವಳಿಗೆ ಗೊತ್ತಿರಲಿಲ್ಲ. ಹೆಮ್ಮೆ, ನಾಚಿಕೆ, ಊರೆಲ್ಲ ನಕ್ಕ ಮೇಲೆ ಒಬ್ಬನೇ ಮನೆಗೆ ಹೋಗುವ ದಾರಿ.

ಪರದೆ ಕಪ್ಪಾಯಿತು. ಮೇಷ್ಟ್ರ ಕಣ್ಣು ಮುಚ್ಚಿತು. ಎದೆ ಏಳಲಿಲ್ಲ. ಉಸಿರು ಹಿಡಿದಿದ್ದಾರೆ, ರಂಗದ ಅಭ್ಯಾಸ, ಗೊತ್ತು. ಗೊತ್ತಿದ್ದೂ ಮನಸ್ಸಿನಲ್ಲೇ ಎಣಿಸತೊಡಗಿದೆ. ಕಾಗದದ ಸದ್ದಾಗಬಾರದೆಂದು ಎದೆಗೊತ್ತಿ ಹಿಡಿದೆ. ಗಾಜಿನ ಆಚೆ ಭೀಮ ನಿಂತುಬಿಟ್ಟಿದ್ದ. ಕಪ್ಪು ಮುಗಿಯಲೇ ಇಲ್ಲ.

ಆಗ ಮಲ್ಲಿಗಮ್ಮ ಬಗ್ಗಿ, ಮೆಲ್ಲಗೆ, ಮನೆಯಲ್ಲಿ ಹೇಳುವ ಹಾಗೆ: "ಆಯ್ತು, ಎದ್ದೇಳಿ ಮ್ಯಾಕೆ. ನೆಲ ತಣ್ಣಗೈತೆ."

ಮೇಷ್ಟ್ರು ಉಸಿರು ಬಿಟ್ಟರು.

ಎಲ್ಲ ರೆಕಾರ್ಡ್ ಆಗಿದೆ. ಭೀಮ ಮತ್ತೆ ಹಾಕಿದ. ಸಾಯುತ್ತಾನೆ. ಕಪ್ಪು. ಕಪ್ಪಿನ ಒಳಗಿಂದ ಒಂದು ಹೆಂಗಸಿನ ದನಿ, ಆಮೇಲೆ ಒಂದು ಉಸಿರು. ಹೆಸರುಗಳು ಶುರುವಾಗುತ್ತವೆ.

"ಅಕ್ಕ..." ಭೀಮನ ಬೆರಳು ಮೌಸಿನ ಮೇಲಿತ್ತು. "ಮೂಲದಾಗೆ ಇಲ್ಲಿ ಏನೂ ಇಲ್ವಲ್ಲ. ತೆಗೀಲಾ?"

ಮೇಷ್ಟ್ರು ಕನ್ನಡಕ ಹಾಕಿಕೊಳ್ಳುತ್ತಿದ್ದರು. ಮಲ್ಲಿಗಮ್ಮ ಮಫ್ಲರ್ ಬಿಚ್ಚುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಕಂಪನಿಗೆ ಏನು ಹೇಳುವುದು, ಮೂಲಕ್ಕೆ ಏನೂ ಸೇರಿಸಬಾರದೆಂದು ನಾನು ಇಷ್ಟು ವರ್ಷ ಹೇಳುತ್ತ ಬಂದದ್ದು ಏನಾಯಿತು, ಯೋಚಿಸಲು ಸಮಯ ಇತ್ತು. ಯೋಚಿಸಲಿಲ್ಲ. ನನ್ನದೇ ದನಿ ಕೇಳಿಸಿತು, ಎಂದಿಗಿಂತ ಜೋರಾಗಿ: ಮುಟ್ಟಬೇಡ ಭೀಮ, ಅದು ಇಲ್ಲಿಯದೇ. ಇರಲಿ.